ಸುಮಾರು

ಬೇಗಂಪೇಟೆಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅನ್ವಯಿಕ ಗಣಿತದ ಪ್ರೊಫೆಸರರಿಗೆ ಏನು ಕೇಳಿದರೂ ಒಂದೇ ಉತ್ತರ: "ಸುಮಾರ ಐತ್ರಿ." ಆರೋಗ್ಯ, ಬಿಸಿಲು, ಹೆಂಡತಿ ಮಾಡಿದ ಎಣ್ಣೆಗಾಯಿ, ಎಲ್ಲವೂ ಸುಮಾರು. ಹೇಳುವಾಗ ಅಂಗೈಯನ್ನು ಅತ್ತಿತ್ತ ತೂಗುತ್ತಿದ್ದರು. ಇವರನ್ನು ಮೆಚ್ಚಿಸುವ ಆಸೆಯನ್ನು ನಾವೆಲ್ಲ ಎಂದೋ ಕೈಬಿಟ್ಟಿದ್ದೆವು. ಕಿರಿದಾದ ನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕುವುದರಲ್ಲೇ ಅವರ ವೃತ್ತಿಯೆಲ್ಲ ಕಳೆದಿತ್ತು.

ನಿವೃತ್ತರಾದ ದಿನ ನಮ್ಮನ್ನು ಊಟಕ್ಕೆ ಕರೆದಿದ್ದರು. "ಇಷ್ಟು ವರ್ಷದ ಕೆಲಸ ಹ್ಯಾಂಗಾತ್ರಿ ಸರ್?" ಎಂದು ಕೇಳಿದೆ.

ಅಂಗೈ ತೂಗಿತು. "ಸುಮಾರ ಆತ್ರಿ."

ಬಡಿಸುತ್ತಿದ್ದ ಹೆಂಡತಿಗೆ ರೇಗಿತು. "ಇವತ್ತರ ಛಲೋ ಆತು ಅನ್ರಿ. ನನ್ನ ಪಲ್ಯಾನೂ ಸುಮಾರ, ನಿಮ್ಮ ಗಣಿತಾನೂ ಸುಮಾರ."

ಪ್ರೊಫೆಸರರು ನಿಜಕ್ಕೂ ಬೆರಗಾದರು. "ಅಲ್ಲ, ರಕ್ತದ ಹರಿವು ಪೂರಾ ಲೆಕ್ಕಕ್ಕ ಸಿಗೂದಿಲ್ಲ. ಸುಮಾರು ಅಂದ್ರ ಖರೆ ಉತ್ತರದ ಭಾಳ ಸಮೀಪ ಹೋದಂಗ. ನಮ್ಮ ಗಣಿತದಾಗ ಅದಕ್ಕಿಂತ ದೊಡ್ಡ ಮಾತಿಲ್ಲ."

ಆಕೆ ಸೌಟು ಹಿಡಿದು ಹಾಗೇ ನಿಂತರು. "ಹಂಗಾದ್ರ ಲಗ್ನ ಆದಾಗಿಂದ ನನ್ನ ಅಡಗಿ ಹೊಗಳಾಕತ್ತೀರೇನು?"

"ಮತ್ತ?" ಎನ್ನುತ್ತ ಅವರು ತಟ್ಟೆಯನ್ನು ಮುಂದೆ ಸರಿಸಿದರು.