ಸಿಸ್ಟರ್ ಅಗ್ನೆಸ್ ಹೇಳಿಕೊಟ್ಟ ಹರಕೆ

ಹೊಸಪೇಟೆ ದಾಟಿ ಸಂಡೂರು ರಸ್ತೆ ಹಿಡಿದರೆ ನಮ್ಮ ಆರೈಕೆ ಮನೆ ಸಿಗುತ್ತದೆ. ದೊಡ್ಡಾಸ್ಪತ್ರೆಯವರು ಕೈಚೆಲ್ಲಿದ ಕ್ಯಾನ್ಸರ್ ರೋಗಿಗಳು ಇಲ್ಲಿಗೆ ಬರುತ್ತಾರೆ. ನಾನು ಶೈಲಜಾ, ಇಲ್ಲಿಯ ನರ್ಸು. ನಮ್ಮದು ವಿಭೂತಿ ಹಚ್ಚುವ ಮನೆ. ನಾನು ಸಂಬಳಕ್ಕೆ ಬಂದವಳು, ದೇವರಿಗಾಗಿ ಅಲ್ಲ. ದೇವರಿಗಾಗಿ ಬಂದವರು ಸಿಸ್ಟರ್ ಅಗ್ನೆಸ್. ಅವರ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಹೊಗಳುವುದಕ್ಕಲ್ಲ.

ಅವರ ಹುಟ್ಟುಹೆಸರು ತಾಯಕ್ಕ, ಊರು ಪಾಪಿನಾಯಕನಹಳ್ಳಿ. ಅವರಿಗೆ ಹದಿನೈದಾಗಿದ್ದಾಗ ತಾಯಿ ಹೊಟ್ಟೆನೋವಿನಿಂದ ಎರಡು ತಿಂಗಳು ಒದ್ದಾಡಿ ಸತ್ತರು. ಆ ಕಿರುಚಾಟ ಕೇಳಲಾರದೆ ಅಕ್ಕಪಕ್ಕದವರು ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಆಮೇಲೆ ಹುಡುಗಿ ಕಾನ್ವೆಂಟಿನ ಹಾಸ್ಟೆಲ್ ಸೇರಿದಳು. ಅಲ್ಲಿ ಶಿಲುಬೆಯ ಮೇಲೆ ಬಾಯಿ ತೆರೆದು ನೇತಾಡುವ ಯೇಸುವನ್ನು ಮೊದಲ ಸಲ ನೋಡಿದಳು.

"ನಮ್ಮವ್ವನ ಬಾಯೀನೂ ಹಂಗ ಇತ್ತು ಶೈಲಾ. ಒಬ್ಬ ದೇವರಿಗಾದ್ರೂ ಅದು ಗೊತ್ತೈತಲ್ಲ ಅನ್ನಿಸ್ತು," ಎಂದು ಒಮ್ಮೆ ನನಗೆ ಹೇಳಿದ್ದರು. ಅವರ ಇಪ್ಪತ್ತಾರು ವರ್ಷಗಳ ಸನ್ಯಾಸ ಅಷ್ಟರ ಮೇಲೇ ನಿಂತಿತ್ತು.

ವಾರ್ಡಿನಲ್ಲಿ ಅವರು ಯಾರಿಗೂ ಮತ ಬದಲಿಸು ಎಂದದ್ದನ್ನು ನಾನು ಕೇಳಿಲ್ಲ. ಮಲ ಬಳಿಯುತ್ತಿದ್ದರು, ಹುಣ್ಣು ತೊಳೆಯುತ್ತಿದ್ದರು. ಯಾರಾದರೂ ಗೋಡೆಯ ಶಿಲುಬೆ ತೋರಿಸಿ ಕೇಳಿದರೆ ಮಾತ್ರ ಹೇಳುವರು: "ಆತ ನಮ್ಮ ಸಲುವಾಗಿ ನೋವು ತಿಂದ. ಪ್ರೀತಿ ಅಂದ್ರ ಅದ. ನಿಮ್ಮ ನೋವನ್ನೂ ಯಾರ ಸಲುವಾಗಿಯಾದ್ರೂ ಕೊಡ್ರಿ, ಅದು ಸುಮ್ನ ಹೋಗಂಗಿಲ್ಲ." ಸಾಯುವವರಿಗೆ ಇಂಥ ಮಾತು ಹಿತವಾಗಿರುತ್ತದೆ. ನಾನೂ ತಲೆದೂಗಿದ್ದೇನೆ.

ಎಮ್ಮಿಗನೂರಿನ ಭೀಮಮ್ಮ ಬಂದದ್ದು ಹೋದ ವರ್ಷ ಶಿವರಾತ್ರಿ ಮುಗಿದ ವಾರ. ಗರ್ಭಕೋಶದ ಕ್ಯಾನ್ಸರು ಸೊಂಟದ ಎಲುಬಿಗೆ ಇಳಿದಿತ್ತು. ಬಂದ ದಿನವೇ ಆಕೆಯೂ ಗೋಡೆಯ ಶಿಲುಬೆ ತೋರಿಸಿ ಕೇಳಿದ್ದಳು, ಸಿಸ್ಟರ್ ಅದೇ ಮಾತು ಹೇಳಿದ್ದರು. ನಾಲ್ಕು ತಾಸಿಗೊಂದು ಮಾರ್ಫಿನ್ ಗುಳಿಗೆ. ನಾನು ಗುಳಿಗೆಯನ್ನು ಕೈಗೆ ಹಾಕಿ, ನೀರಿನ ಲೋಟ ಇಟ್ಟು, ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ಆದರೂ ಆಕೆ ಹಲ್ಲು ಕಚ್ಚಿ ಬೆವರುವುದು ನಿಲ್ಲಲಿಲ್ಲ. ಡಾಕ್ಟರು ಪ್ರಮಾಣ ಹೆಚ್ಚಿಸಿದರು, ಅದರಿಂದಲೂ ಏನೂ ಆಗಲಿಲ್ಲ.

ಹನ್ನೆರಡನೆಯ ದಿನ ಚಾದರ ಬದಲಿಸುವಾಗ ಆಕೆಯ ಎಲೆಅಡಿಕೆ ಚಂಚಿ ಸಿಸ್ಟರ್ ಕೈಗೆ ಸಿಕ್ಕಿತು. ಎಲೆ ಇರಲಿಲ್ಲ, ಅಡಿಕೆ ಇರಲಿಲ್ಲ. ಅದರ ತುಂಬ ಗುಳಿಗೆ.

"ಹರಕಿ ಸಿಸ್ಟ್ರಮ್ಮ, ಹೊಳ್ಳಿ ಕೊಡ್ರಿ," ಎಂದಳು ಭೀಮಮ್ಮ. "ಹರಕಿ ಹೊತ್ತಿದ್ದು ಬಾಯಿ ಬಿಡಬಾರದಿತ್ತು. ಇನ್ನ ಗಟ್ಟಿ ಹಿಡೀಬೇಕು."

ಆಕೆಯ ಮಗಳು ಲಕ್ಷ್ಮೀ ನಾಲ್ಕು ವರ್ಷದ ಹಿಂದೆ ಬೇರೆ ಜಾತಿಯವನನ್ನು ಮದುವೆಯಾಗಿದ್ದಳು. ತಾಯಿಯೇ ಬಯ್ದು ಹೊರಗೆ ಹಾಕಿದ್ದಳು. ಈಗ ಸಾಯುವ ಮುಂಚೆ ಮಗಳ ಮುಖ ನೋಡಬೇಕು. ಹುಲಿಗೆಮ್ಮನ ಗುಡಿಯವರೆಗೆ ದಾರಿಯುದ್ದ ಅಡ್ಡಬಿದ್ದು ಹೋಗಲು ಮೈಯಲ್ಲಿ ಕಸುವಿಲ್ಲ. ಉಳಿದದ್ದು ನೋವೊಂದೇ, ಅದನ್ನೇ ಹರಕೆ ಹೊತ್ತಿದ್ದಳು. ನಮ್ಮ ಕಡೆ ಹರಕೆ ಎಂದರೆ ಹೀಗೇ. ಮೈ ದಂಡಿಸಿದರೆ ದೇವರು ಕೊಡಲೇಬೇಕು. ನಡುವೆ ಬಿಟ್ಟರೆ ಯಾರ ಸಲುವಾಗಿ ಹೊತ್ತಿದ್ದೇವೋ ಅವರಿಗೇ ಕೇಡು. ಸಿಸ್ಟರ್ ಹೇಳಿದ ಯೇಸುವಿನ ಪ್ರೀತಿ ಆಕೆಗೆ ಅರ್ಥವಾದದ್ದು ಹಾಗೆ.

"ದೇವರಿಗೆ ಇದು ಬ್ಯಾಡವ್ವ," ಎಂದು ಸಿಸ್ಟರ್ ಅತ್ತೇಬಿಟ್ಟರು. "ನೀನು ನರಳೋದು ಆತಗ ಬೇಕಾಗಿಲ್ಲ."

"ಮತ್ತ ಸ್ವಂತ ಮಗನ್ನ ಯಾಕ ನರಳಿಸಿದ?"

ಸಿಸ್ಟರ್ ಚಂಚಿ ಹಿಡಿದುಕೊಂಡು ಮಂಚದ ಅಂಚಿಗೆ ಕುಳಿತರು.

ಮರುದಿನವೇ ಬಸ್ಸು ಹತ್ತಿ ತೋರಣಗಲ್ಲಿಗೆ ಹೋದರು. ಲಕ್ಷ್ಮೀ ಅಲ್ಲಿ ಒಂದು ಕ್ಯಾಂಟೀನಿನಲ್ಲಿ ಗುತ್ತಿಗೆ ಕೆಲಸಕ್ಕಿದ್ದಳು. "ಸತ್ರೂ ಬರಬ್ಯಾಡ ಅಂದಾಕಿ ಆಕಿ," ಎಂದಳಂತೆ. ಬಹಳ ಗೋಗರೆದ ಮೇಲೆ, "ಐತವಾರ ರಜ ಐತಿ, ನೋಡ್ತೀನಿ," ಎಂದಳಂತೆ.

ಸಿಸ್ಟರ್ ಓಡೋಡಿ ಬಂದು, "ಬರ್ತಾಳವ್ವ, ನಿನ್ನ ಹರಕಿ ಮುಟ್ಟಿತು, ಈಗ ನುಂಗು," ಎಂದರು.

"ಮುಖ ನೋಡಿ ನುಂಗ್ತೀನ್ರಿ."

ಸೂಜಿಗೂ ಆಕೆ ಒಪ್ಪಲಿಲ್ಲ. ಗುಳಿಗೆ ಅರೆದು ಗಂಜಿಯಲ್ಲಿ ಹಾಕಿಬಿಡೋಣ ಎಂದೆ ನಾನು. "ಆಕಿ ದೇವರಿಗೆ ಮಾತು ಕೊಟ್ಟಾಳ ಶೈಲಾ, ನಾನು ಹೆಂಗ ಕದೀಲಿ?" ಎಂದರು ಸಿಸ್ಟರ್. ಆಗ ಅವರ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ, ಗಂಜಿಗೂ ಹಾಕಲಿಲ್ಲ. ಅದು ನನ್ನ ತಪ್ಪು, ಅದನ್ನು ನಾನೇ ಹೊತ್ತುಕೊಂಡಿದ್ದೇನೆ.

ಶನಿವಾರ ಮಧ್ಯಾಹ್ನ ಭೀಮಮ್ಮ ಸತ್ತಳು. ಸುಲಭವಾಗಿ ಸಾಯಲಿಲ್ಲ. ಸಿಸ್ಟರ್ ಆಕೆಯ ತೆರೆದ ಬಾಯಿ ಮುಚ್ಚಲು ನೋಡಿದರು, ಅದು ಮುಚ್ಚಿಕೊಳ್ಳಲಿಲ್ಲ. ಮಗಳು ಬರಲೆಂದು ಹೆಣವನ್ನು ಅದೇ ಮಂಚದ ಮೇಲೆ ಇಟ್ಟುಕೊಂಡೆವು.

ಹೇಳಿದಂತೆ ಭಾನುವಾರ ಹತ್ತು ಗಂಟೆಗೆ ಲಕ್ಷ್ಮೀ ಬಂದಳು, ಸೊಂಟದ ಮೇಲೆ ಕೂಸು. ಹೆಣದ ಕಾಲು ಹಿಡಿದು ಬೋರಾಡಿ ಅತ್ತಳು. ವಾರ್ಡಿನ ಅಷ್ಟೂ ಮಂಚಗಳು ನೋಡುತ್ತಿದ್ದವು. ಸಿಸ್ಟರ್ ಗೋಡೆಗೆ ಒರಗಿ ನಿಂತಿದ್ದರು. ಸತ್ತವರಿಗೆ ಪ್ರತಿಸಲ ಹೇಳುವ ಪ್ರಾರ್ಥನೆಯನ್ನೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಪಕ್ಕದ ಮಂಚದ ಸುವರ್ಣಮ್ಮನಿಗೆ ಗುಳಿಗೆ ಕೊಡಲು ಹೋದೆ. ಕಂಪ್ಲಿಯ ಮುದುಕಿ, ಬೆನ್ನೆಲುಬಿನ ಕ್ಯಾನ್ಸರು. ನನ್ನ ಕೈ ಸರಿಸಿ ಸಿಸ್ಟರನ್ನು ಕರೆದರು.

"ಭೀಮಮ್ಮನ ಮಗಳು ಬಂದ್ಲು ನೋಡ್ರಿ. ನನ್ನ ಮಗ ಮುಖ ತೋರಿಸಿ ಆರು ವರ್ಷ ಆತು. ಆ ಹರಕಿ ಹೆಂಗ ಹೊರಬೇಕು, ನನಗೂ ಹೇಳಿಕೊಡ್ರಿ ಸಿಸ್ಟ್ರಮ್ಮ."

ಸಿಸ್ಟರ್ ಮಂಚದ ಪಕ್ಕ ಮೊಣಕಾಲೂರಿ ಕುಳಿತರು. ನನ್ನ ಕೈಯಿಂದ ಗುಳಿಗೆ ತೆಗೆದುಕೊಂಡು ಮುದುಕಿಯ ತುಟಿಗೆ ಹಿಡಿದರು.

"ನುಂಗ್ರಿ ತಾಯಿ. ಹರಕಿ ಇಸಗೊಳ್ಳಾಕ ಅಲ್ಲಿ ಮ್ಯಾಲ ಯಾರೂ ಇಲ್ರಿ."

ಸುವರ್ಣಮ್ಮ ಅವರ ಮುಖವನ್ನೇ ನೋಡಿದರು, ಗೋಡೆಯ ಶಿಲುಬೆಯನ್ನು ನೋಡಿದರು, ಬಾಯಿ ತೆರೆದರು. ನುಂಗುವವರೆಗೂ ಸಿಸ್ಟರ್ ಅವರ ಗಲ್ಲ ಹಿಡಿದುಕೊಂಡೇ ಇದ್ದರು.

ಸಂಜೆ ಪ್ರಾರ್ಥನೆಯ ಗಂಟೆ ಹೊಡೆದಾಗ ಅವರು ಬಚ್ಚಲಲ್ಲಿ ಬೆಡ್‌ಪ್ಯಾನ್ ತೊಳೆಯುತ್ತಿದ್ದರು. ಎದ್ದು ಹೋಗಲಿಲ್ಲ. ಇವತ್ತಿನವರೆಗೂ ಹೋಗಿಲ್ಲ.