ಲಲ್ಲಾಳಿಗೆ ಸುರಿದ ನೀರು

ಹೆನ್ಶಿರ್ ಸಫ್ರಾದ ರೋಮನ್ ಹಾಳೂರಿಗೆ ಹಮ್ಮಾದಿ ಮೂವತ್ತೊಂದು ವರ್ಷ ಕಾವಲಿದ್ದ. ಟ್ಯುನೀಸಿಯಾದಲ್ಲಿ ಹಾಳೂರುಗಳಿಗೇನು ಬರವೇ? ಕಂಬ, ಕಮಾನು, ಸ್ನಾನದ ಮನೆ, ಎಲ್ಲಿ ನೋಡಿದರೂ ಅವೇ. ಆದರೆ ಲಲ್ಲಾ ಇದ್ದದ್ದು ಇಲ್ಲೊಂದೇ ಕಡೆ. ಯಾವ ಕಾಲದ ಯಾವ ಸಾಹುಕಾರನ ಊಟದ ಮನೆಯೋ, ಅದರ ನೆಲದ ಮೇಲೆ ಕಡಲೆಕಾಳಿಗಿಂತ ಸಣ್ಣ ಬಣ್ಣದ ಕಲ್ಲುಗಳನ್ನು ಕೂಡಿಸಿ ಮಾಡಿದ ಹೆಂಗಸಿನ ಚಿತ್ರ. ಮಡಿಲಲ್ಲಿ ಬಿರಿದ ದಾಳಿಂಬೆ. ಮನೆಯ ಹಿರಿಯ ಹೆಂಗಸನ್ನು ಕರೆಯುವ ಹಾಗೆ ಊರವರು ಅವಳನ್ನು ಲಲ್ಲಾ ಎಂದೇ ಕರೆಯುತ್ತಿದ್ದರು.

ಹಮ್ಮಾದಿ ಹುಟ್ಟಿದ್ದೇ ಆ ಹಾಳೂರಿನೊಳಗೆ. ಆಗಿನ್ನೂ ಜನ ಅಲ್ಲೇ ಗುಡಿಸಲು ಹಾಕಿಕೊಂಡಿದ್ದರು. ಅವನ ತೊಟ್ಟಿಲಿನ ಹಗ್ಗವನ್ನು ತಾಯಿ ರೋಮನ್ ಕಂಬಕ್ಕೆ ಕಟ್ಟಿದ್ದಳಂತೆ. ಅಪ್ಪನೂ ಕಾವಲುಗಾರ. ಕೆಲಸ ಬಿಡುವ ದಿನ ಅವನು ಮಗನ ಕೈಗೆ ತಾಮ್ರದ ಬಕೆಟ್ಟು ಕೊಟ್ಟು ಹೇಳಿದ್ದು ಇಷ್ಟೇ: "ಒಣಗಿದ್ರೆ ಅವಳು ಬೂದಿ ಕಣೋ. ನೀರು ಬಿತ್ತೋ, ಮದುವಣಗಿತ್ತಿ!"

ಸುಳ್ಳಲ್ಲ. ಬಸ್ಸಿಳಿದು ಬಂದ ಪ್ರವಾಸಿಗರು ಬಿಸಿಲಿಗೆ ಬಾಡಿ, ಕಲ್ಲು ನೋಡಿ ನೋಡಿ ಸಾಕಾಗಿ ನಿಂತಿರುತ್ತಿದ್ದರು. ಹಮ್ಮಾದಿ ಚಪ್ಪಲಿ ಬಿಟ್ಟು, ಬಿಸ್ಮಿಲ್ಲಾ ಎಂದು ಬಕೆಟ್ಟು ಬಗ್ಗಿಸುತ್ತಿದ್ದ. ಅಬ್ಬಾ! ಕೆನ್ನೆಗೆ ಕೆಂಪು ಹತ್ತುತ್ತಿತ್ತು, ಕಣ್ಣಿಗೆ ಕಪ್ಪು ಬರುತ್ತಿತ್ತು, ದಾಳಿಂಬೆಯ ಕಾಳು ಕಾಳೂ ಹೊಳೆಯುತ್ತಿತ್ತು. ಜನ "ಹಾ!" ಎಂದಾಗ ಅವನಿಗೆ ತನ್ನ ಮಗಳನ್ನೇ ಹೊಗಳಿದಷ್ಟು ಹಿಗ್ಗು. ರಜೆಯ ತಿಂಗಳುಗಳಲ್ಲಿ ದಿನಕ್ಕೆ ಹತ್ತು ಬಕೆಟ್ಟಾದರೂ ಆಗುತ್ತಿತ್ತು.

ಅಲ್ಲಿನ ಬಾವಿಯದು ಉಪ್ಪುನೀರು. ಲಲ್ಲಾಳಿಗೆ ಅದನ್ನು ಹಾಕಲು ಮನಸ್ಸು ಬರದೆ ಗುಡ್ಡದ ಒರತೆಯಿಂದ ಕತ್ತೆಯ ಮೇಲೆ ಸಿಹಿನೀರು ಹೊರಿಸಿ ತಂದು ಪೀಪಾಯಿ ತುಂಬಿಸುತ್ತಿದ್ದ. ಮನೆಯಲ್ಲಿ ಮಾತ್ರ ಬಾವಿಯ ನೀರೇ.

"ಕಟ್ಕೊಂಡವಳಿಗೆ ಉಪ್ಪುನೀರು, ಕಲ್ಲಿನವಳಿಗೆ ಸಿಹಿನೀರು," ಎಂದು ಹೆಂಡತಿ ಮಬ್ರೂಕಾ ರೊಟ್ಟಿ ತಟ್ಟುತ್ತಲೇ ಚುಚ್ಚುತ್ತಿದ್ದಳು. "ನನ್ನನ್ನೂ ಆ ನೆಲಕ್ಕೆ ಹಾಸ್ಬಿಡು ಮಾರಾಯ. ಆಗಲಾದ್ರೂ ನನ್ನ ಮುಖ ನೋಡ್ತೀಯ."

"ನೀನು ಒಣಗಿದ್ರೂ ಚೆಂದ ಕಣೇ. ನಿನಗ್ಯಾಕೆ ನೀರು?"

ಒಂಬತ್ತು ವರ್ಷದ ಹಿಂದೆ ಇಲಾಖೆಯಿಂದ ಒಂದು ಬೋರ್ಡು ಬಂತು: ಚಿತ್ರಗಳ ಮೇಲೆ ನೀರು ಹಾಕಬಾರದು. ಹಮ್ಮಾದಿಗೆ ಮೈಯೆಲ್ಲ ಉರಿಯಿತು. "ಪಟ್ಟಣದಲ್ಲಿ ಕೂತು ಕುರ್ಚಿ ಬಿಸಿ ಮಾಡೋರಿಗೇನು ಗೊತ್ತು? ಅವಳ ಮುಖ ಒಂದ್ಸಲನಾದ್ರೂ ನೋಡಿದಾರಾ?" ಎಂದು ಗೊಣಗಿದ. ಬೋರ್ಡು ಗಟ್ಟಿ ತಗಡಿನದು, ಬಿಸಾಡಲು ಮನಸ್ಸಾಗಲಿಲ್ಲ. ನೀರಿನ ಪೀಪಾಯಿಗೆ ಮುಚ್ಚಳ ಮಾಡಿದ.

ಈ ಸಲ ಬೇಸಿಗೆಯಲ್ಲಿ ಸಿಹಾಮ್ ಬಂದಳು. ಹಳೆಯ ಚಿತ್ರಗಳನ್ನು ರಿಪೇರಿ ಮಾಡುವ ಹುಡುಗಿ. ಬಂದವಳೇ ಮಂಡಿಯೂರಿ, ಬೆರಳ ಗೆಣ್ಣಿನಿಂದ ನೆಲವನ್ನು ತಟ್ಟುತ್ತ ಹೋದಳು. ಅಂಚಿನಲ್ಲಿ ಟಕ್ ಟಕ್ ಎಂದಿತು. ಲಲ್ಲಾಳ ಮುಖದ ಹತ್ತಿರ ಬಂದಾಗ ಟೊಳ್ಳಾಗಿ ಡಬ್ ಡಬ್ ಎಂದಿತು.

"ಇಲ್ಲಿ ಯಾರು ನೀರು ಹಾಕ್ತಿದ್ರು, ಚಿಕ್ಕಪ್ಪ?"

ಹಮ್ಮಾದಿ ಎದೆಯುಬ್ಬಿಸಿದ. "ನಾನೇ ಮಗಳೇ! ಮೂವತ್ತೊಂದು ವರ್ಷ. ಒಂದು ದಿನ ತಪ್ಪಿಸಿಲ್ಲ. ಅದೂ ಒರತೆ ನೀರು!"

ಸಿಹಾಮ್ ಲಲ್ಲಾಳ ಕೆನ್ನೆಯ ಮೇಲಿನ ಎರಡು ಕಲ್ಲುಗಳನ್ನು ಉಗುರಿನಿಂದ ಎತ್ತಿದಳು. ಅಲುಗಾಡುವ ಹಾಲುಹಲ್ಲಿನ ಹಾಗೆ ಎದ್ದು ಬಂದವು. ಅಡಿಯ ಗಾರೆ ಹಿಟ್ಟಾಗಿತ್ತು.

"ನೀರು ಕೆಳಗಿಳಿಯುತ್ತೆ. ಬಿಸಿಲಿಗೆ ಮತ್ತೆ ಮೇಲೇಳುವಾಗ ಮಣ್ಣಿನ ಉಪ್ಪನ್ನೂ ಎಳ್ಕೊಂಡು ಬರುತ್ತೆ. ಉಪ್ಪು ಕಲ್ಲನ್ನ ತಳ್ಳುತ್ತೆ."

"ನಾನು ಹಾಕಿದ್ದು ಸಿಹಿನೀರಲ್ಲವಾ?"

"ಯಾವ ನೀರಾದ್ರೂ ಅಷ್ಟೇ, ಚಿಕ್ಕಪ್ಪ. ಇಲ್ಲಿಗೆ ಬೋರ್ಡು ಬರ್ಲಿಲ್ವಾ?"

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹಮ್ಮಾದಿ ಪೀಪಾಯಿಯ ಕಡೆ ಕೈ ತೋರಿಸಿದ. ಅವಳು ಓದಿದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಮುಖ ಉಳಿಯಬೇಕಾದರೆ ಬಟ್ಟೆ ಹಾಸಿ, ಮೇಲೆ ಮೊಣಕಾಲೆತ್ತರ ಮರಳು ಸುರಿದು ಮುಚ್ಚಬೇಕು ಎಂದು ತೀರ್ಮಾನವಾಯಿತು.

"ಮತ್ತೆ ಯಾವಾಗ ತೆಗೀತೀರಿ? ನಾನಿರೋದ್ರೊಳಗೆ?"

"ಗೊತ್ತಿಲ್ಲ," ಎಂದಳು ಸಿಹಾಮ್, ಅವನ ಮುಖ ನೋಡದೆ.

ಅಂದು ಮನೆಯಲ್ಲಿ ಅವನು ಊಟದ ತಟ್ಟೆ ಮುಟ್ಟಲಿಲ್ಲ. ಮಬ್ರೂಕಾ ಮೊದಲ ಸಲ ಚುಚ್ಚುಮಾತು ಬಿಟ್ಟಳು. "ಬೇಕಂತ ಮಾಡಿದ್ಯಾ? ಪ್ರೀತಿಯಿಂದ ಮಾಡ್ದೆ. ತಿನ್ನು ಬಾ."

"ಬೋರ್ಡು ಓದಿದ್ದೆ ಕಣೇ," ಎಂದ ಹಮ್ಮಾದಿ. "ಓದಿದ್ದೆ. ಅವತ್ತೇ ನಿಲ್ಲಿಸಿದ್ರೆ ಈ ಒಂಬತ್ತು ವರ್ಷದ ಪೆಟ್ಟಾದ್ರೂ ತಪ್ತಿತ್ತು. ಜನ ಹಾ ಅನ್ನೋದು ಕೇಳೋ ಚಪಲ ನನಗೆ."

ಮಬ್ರೂಕಾ ತಟ್ಟೆಯನ್ನು ಅವನ ಹತ್ತಿರಕ್ಕೆ ಸರಿಸಿದಳು.

ಮುಚ್ಚುವ ದಿನ ಮರಳಿನ ಟ್ರಾಕ್ಟರು ಬಂದು ನಿಂತಿತು. ಸಿಹಾಮ್ ಒಂದು ಲೋಟ ನೀರು ತಂದು ಅವನ ಮುಂದೆ ಹಿಡಿದಳು. "ಕೊನೇ ಸಲ, ಚಿಕ್ಕಪ್ಪ. ಇಷ್ಟರಿಂದ ಏನೂ ಆಗಲ್ಲ. ನೋಡ್ಕೊಳ್ಳಿ."

ಅವನ ಕೈ ಲೋಟದವರೆಗೆ ಹೋಯಿತು. ತೆಗೆದುಕೊಂಡ. ಹೋಗಿ ಹತ್ತಿರದ ಆಲಿವ್ ಗಿಡದ ಬುಡಕ್ಕೆ ಸುರಿದು ಬಂದ.

ಆಮೇಲೆ ಬರಿಗಾಲಲ್ಲಿ ಇಳಿದು ಅವಳ ಪಕ್ಕ ಕೂತ. ಅವಳನ್ನು ಒಣಗಿದ್ದ ಹಾಗೇ ಅವನು ಎಂದೂ ಸರಿಯಾಗಿ ನೋಡಿರಲಿಲ್ಲ. ಬೂದಿಯಲ್ಲ ಅವಳು. ತೆಳುವಾದ ಗುಲಾಬಿ, ತೆಳುವಾದ ಹಸಿರು, ಧೂಳು ಕೂತ ಕಣ್ಣು. ಹೊಲದಿಂದ ದಣಿದು ಬಂದ ಹೆಂಗಸಿನ ಹಾಗೆ, ಚೆಂದವಾಗಿಯೇ ಇದ್ದಳು. ಇಷ್ಟು ವರ್ಷ ಇದೇ ಸಾಕಾಗುತ್ತಿತ್ತಲ್ಲ ಎಂದುಕೊಂಡ.

ಇನ್ನಷ್ಟು ಬಗ್ಗಿದ. ಬಿಸಿಲು ನೆತ್ತಿಯ ಮೇಲಿತ್ತು. ಅವನ ಹಣೆಯಿಂದ ಒಂದು ಹನಿ ಬೆವರು ಜಾರಿ ಲಲ್ಲಾಳ ಕೆನ್ನೆಯ ಮೇಲೆ ಬಿತ್ತು. ಹನಿ ಬಿದ್ದ ಒಂದೇ ಒಂದು ಕಲ್ಲು ಕೆಂಪಗೆ ಹೊಳೆಯಿತು.

"ಅಯ್ಯೋ, ತಪ್ಪಾಯ್ತು," ಎಂದು ಹಮ್ಮಾದಿ ಗಾಬರಿಯಿಂದ ತಲೆಯ ಕೆಂಪು ಟೋಪಿ ಕಿತ್ತು, ಆ ಹನಿಯನ್ನು ಒತ್ತಿ ಒತ್ತಿ ಒರೆಸಿದ. ಬಣ್ಣ ಪೂರ್ತಿ ಆರುವ ತನಕ ಕಾದು, ಬಟ್ಟೆಯನ್ನು ತಾನೇ ಎಳೆದು ಹೊದಿಸಿದ.