ಕಳ್ಳಿಹಣ್ಣಿನ ಬಣ್ಣ

ತಂಗಿಯ ಹಳೆಯ ರವಿಕೆಯೊಂದನ್ನು ಕೈಚೀಲದಲ್ಲಿ ಮಡಚಿಟ್ಟುಕೊಂಡು ನಮ್ಮೂರು ಪತ್ತಿಕೊಂಡದಲ್ಲಿ ಆದೋನಿಯ ಬಸ್ಸು ಹತ್ತಿದ್ದೆ. ತಂಗಿ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಪ್ರಾಯಕ್ಕೆ ಬಂದ ಅವಳ ಮಗಳಿಗೆ ಲಂಗ-ದಾವಣಿ ಉಡಿಸುವ ಶಾಸ್ತ್ರ ಗೊತ್ತುಮಾಡಿದ್ದರು. ಆ ಶಾಸ್ತ್ರದ ಬಟ್ಟೆ ತಾಯಿಯ ತವರಿನಿಂದಲೇ ಬರಬೇಕು. ಅಪ್ಪ ಅವ್ವ ಇಲ್ಲ, ಅಣ್ಣತಮ್ಮಂದಿರು ಹುಟ್ಟಲೇ ಇಲ್ಲ. ನಮ್ಮ ತವರು ಅಂದರೆ ಈಗ ನಾನೊಬ್ಬಳೇ. ಹಾಗಾಗಿ ಬಟ್ಟೆ ಆರಿಸುವುದು ನನ್ನ ಹಕ್ಕು, ಅದನ್ನು ಯಾರೂ ಕಸಿದುಕೊಳ್ಳಲಾರರು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಯಾರೂ ಅಂದರೆ ನನ್ನ ಮನಸ್ಸಿನಲ್ಲಿದ್ದವಳು ಒಬ್ಬಳೇ: ವರ್ಷದ ಕಾರ್ಯ ಮುಗಿದ ಮೇಲೆ ತಂಗಿಯ ಗಂಡ ಮಾಡಿಕೊಂಡ ಎರಡನೆಯವಳು.

ರವಿಕೆ ಉಳ್ಳಾಗಡ್ಡಿ ಸಿಪ್ಪೆಯ ಬಣ್ಣದ್ದು. ನಮ್ಮ ಕಡೆ ಸೀರೆಯ ಬಣ್ಣಗಳಿಗೆ ಮೊದಲಿನಿಂದಲೂ ಅಡುಗೆಮನೆಯ ಹೆಸರೇ. ಬದನೆಕಾಯಿ ಬಣ್ಣ, ನಿಂಬೆಹಣ್ಣಿನ ಬಣ್ಣ, ಕಾಫಿಪುಡಿ ಬಣ್ಣ. ಮೈಬಣ್ಣಕ್ಕೂ ಹಾಗೆಯೇ. ತಂಗಿಯದು ಗೋಧಿ ಬಣ್ಣ. ಉಳ್ಳಾಗಡ್ಡಿ ಬಣ್ಣದ ಸೀರೆ ಉಟ್ಟರೆ ಅವಳ ಮುಖದಲ್ಲಿ ಸಂಜೆಯ ಬಿಸಿಲು ಬಿದ್ದ ಹಾಗಿರುತ್ತಿತ್ತು. ನಾನು ಅವಳಿಗಿಂತ ಸ್ವಲ್ಪ ಬೆಳ್ಳಗಿದ್ದರೂ ಅದೇ ಸೀರೆಯಲ್ಲಿ ಕಳೆಗುಂದುತ್ತಿದ್ದೆ. ಆಗಲೂ ನನಗೆ ಹೊಟ್ಟೆಕಿಚ್ಚಿತ್ತು. ಆದರೆ ಅದು ಬೇರೆ ತರಹದ್ದು, ಸಂಜೆ ಜಡೆ ಹಾಕಿಕೊಡುವಾಗ ಅವಳಿಗೇ ಹೇಳಿಬಿಡಬಹುದಾದದ್ದು.

ಅವಳು ಹೋದದ್ದು ಕಾಮಾಲೆಯಿಂದ. ಕೊನೆಯ ದಿನಗಳಲ್ಲಿ ಅವಳ ಬಣ್ಣ ಅವಳದಾಗಿರಲಿಲ್ಲ. ಮುತ್ತೈದೆಯಾಗಿ ಹೋದಳೆಂದು ಹಸಿರು ಸೀರೆ ಉಡಿಸಿ, ಮುಖಕ್ಕೆ ಅರಿಶಿನ ಹಚ್ಚು ಎಂದು ಹಿರಿಯ ಹೆಂಗಸರು ನನಗೆ ಬಟ್ಟಲು ಕೊಟ್ಟರು. ಅರಿಶಿನ ಹಚ್ಚಿದರೆ ಹಚ್ಚಿದ್ದೇ ಕಾಣಲಿಲ್ಲ. ಅಂದಿನಿಂದ ನಾನು ಅವಳನ್ನು ನೆನೆಯಬೇಕೆಂದರೆ ಮೊದಲು ಆ ಹಳದಿಯನ್ನು ಪಕ್ಕಕ್ಕೆ ಸರಿಸಬೇಕು. ಅದಕ್ಕೇ ಆ ರವಿಕೆಯನ್ನು ಅವಳ ಬೀರುವಿನಿಂದ ಎತ್ತಿಟ್ಟುಕೊಂಡಿದ್ದೆ. ಉಳಿದ ಸೀರೆಗಳನ್ನು ಈಗ ಎರಡನೆಯವಳು ದಿನಬಳಕೆಗೆ ಉಡುತ್ತಾಳೆ.

ಎರಡನೆಯವಳು ದೇವನಕೊಂಡದ ಕಡೆಯವಳು, ಎಣ್ಣೆಗಪ್ಪು. ಸತ್ತ ಮಗಳ ಜಾಗಕ್ಕೆ ಬಂದವಳು ತವರಿಗೂ ಮಗಳೇ ಎಂಬುದು ನಮ್ಮಲ್ಲಿಯ ರೂಢಿ. ಮದುವೆಯ ದಿನ ಅವಳಿಗೆ ಉಡಿ ತುಂಬಿದವಳು ನಾನೇ. "ಇನ್ಮ್ಯಾಲ ಆಕೀನ ನಿನ್ನ ತಂಗಿ ನೋಡವ್ವ" ಎಂದರು ಎಲ್ಲರೂ. ಅವಳು ಅಂದಿನಿಂದಲೇ ನನ್ನನ್ನು ಅಕ್ಕಾರ ಎಂದಳು. ನಾನು ಅವಳನ್ನು ಏನವ್ವ ಎನ್ನುವುದರಾಚೆ ಏನೂ ಕರೆಯಲಿಲ್ಲ.

ಮಗಳನ್ನು ಅವಳು ಗೋಳಾಡಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಹಾಗೇನೂ ಇಲ್ಲ. ಒಂದು ಭಾನುವಾರ ಹೇಳದೆ ಆದೋನಿಯ ಅವರ ಮನೆಗೆ ಹೋದಾಗ ಇಬ್ಬರೂ ಪಡಸಾಲೆಯಲ್ಲಿ ಒಂದೇ ಕನ್ನಡಿಯ ಮುಂದೆ ಕೂತಿದ್ದರು. ಗೋಡೆಗೆ ಒರಗಿಸಿಟ್ಟ ಫೋನಿನಲ್ಲಿ ಯಾರೋ ಹುಡುಗಿ ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಿದ್ದಳು. ಅದು ಲಾಟೆ ಮೇಕಪ್ಪಂತೆ, ಹಾಲು ಹೆಚ್ಚು ಹಾಕಿದ ಕಾಫಿಯ ಬಣ್ಣ. ಕಣ್ಣಿನ ಮೇಲೆ, ಕೆನ್ನೆಗೆ, ತುಟಿಗೆ ಎಲ್ಲ ಅದೇ. ಅದಾದ ಮೇಲೆ ಸ್ಟ್ರಾಬೆರಿ. ಅದರಲ್ಲಿ ಮೂಗಿನ ಮೇಲೆ ಹಣ್ಣಿನ ಬೀಜದ ಹಾಗೆ ಚುಕ್ಕೆ ಇಡುತ್ತಾರೆ.

"ಚಿಕ್ಕವ್ವ, ನನಗೂ ಹಿಂಗ ಚುಕ್ಕಿ ಇಡು" ಎಂದಳು ಹುಡುಗಿ.

"ಹುಚ್ಚಿ, ಅವರು ಮೈದಾಹಿಟ್ಟಿನಂಗ ಅದಾರ. ನಾವು ರಾಗಿ. ನಮ್ಮ ಬಣ್ಣಕ್ಕ ಇವೆಲ್ಲ ಕೂಡೂದಿಲ್ಲ. ನಮಗ ಲಾಟೆ ಅಲ್ಲ, ಡಿಕಾಕ್ಷನ್ನು."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಅವಳು ಹುಡುಗಿಯ ಬಟ್ಟೆಗಳನ್ನು ಮಂಚದ ಮೇಲೆ ಹರವಿ ಒಂದೊಂದಕ್ಕೂ ಹೇಳುತ್ತ ಹೋದಳು. ಟ್ಯೂಷನ್ನಿಗೆ ಹೋಗುವ ಸಾಸಿವೆ ಬಣ್ಣದ ಚೂಡಿದಾರಕ್ಕೆ ತುಟಿಗೆ ಡಿಕಾಕ್ಷನ್ ಬಣ್ಣ, ಅದೂ ಬೆರಳಲ್ಲಿ ಒತ್ತಿ ಅರ್ಧ ಒರೆಸಿದ್ದು. ನೇರಳೆಹಣ್ಣಿನ ಬಣ್ಣದ ಟಾಪಿಗೆ ತುಟಿಗೇನೂ ಬೇಡ, ಕಾಡಿಗೆ ಸಾಕು. ಇಟ್ಟಿಗೆ ಬಣ್ಣದ್ದಕ್ಕೆ ಟೊಮೆಟೊ ಕೆಂಪು ಮಾತ್ರ ಮುಟ್ಟಬಾರದು. "ಟೊಮೆಟೊ ಏನಿದ್ರೂ ದೊಡ್ಡವ್ವನ ಪತ್ತಿಕೊಂಡದ ಸಂತ್ಯಾಗ ಚಂದ" ಎಂದು ನನ್ನ ಕಡೆ ನೋಡಿ ನಕ್ಕಳು. ನಾನೂ ನಕ್ಕೆ. ನಮ್ಮ ಬಣ್ಣ ಎಂಬ ಮಾತು ಮಾತ್ರ ಊರು ಮುಟ್ಟುವವರೆಗೂ ಒಳಗೆ ಕೊರೆಯುತ್ತಲೇ ಇತ್ತು.

ನಾನು ಫೋನಿನಲ್ಲಿ ಅವೇ ವಿಡಿಯೊಗಳನ್ನು ಹುಡುಕಿ ನೋಡತೊಡಗಿದೆ. ಹುಡುಗಿ ಮುಂದಿನ ಸಲ ಕೇಳಿದರೆ ನನಗೂ ತಿಳಿದಿರಲಿ ಎಂದು. ಫ್ಯಾನ್ಸಿ ಅಂಗಡಿಯಲ್ಲಿ ಕಾಫಿ ಬಣ್ಣದ ಲಿಪ್‌ಸ್ಟಿಕ್ಕೊಂದನ್ನು ಕೊಂಡು, ನನ್ನ ತಿಳಿ ಹಸಿರು ವಾಯಿಲ್ ಸೀರೆಯ ಜೊತೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತೆ. ಯಜಮಾನರು ಅದೇ ಹೊತ್ತಿಗೆ ಒಳಗೆ ಬಂದರು.

"ಯಾಕ, ಕಾಫಿ ಕುಡಿದು ಬಾಯಿ ಒರಸ್ಕೊಂಡಿಲ್ಲೇನು?"

ಒರೆಸಿಕೊಂಡೆ. ಅದು ಈಗಲೂ ಕಪಾಟಿನಲ್ಲಿ ಹಾಗೇ ಇದೆ.

ಆದರೂ ನನ್ನ ಬಳಿ ಒಂದು ಇತ್ತು, ಅವಳಿಗೆ ಸಿಗದಂಥದ್ದು. ನಾನೂ ತಂಗಿಯೂ ಹುಟ್ಟಿ ಬೆಳೆದ ಹಳ್ಳಿಯಲ್ಲಿ ಶಾಲೆಗೆ ಹೋಗುವ ದಾರಿಯ ಬದುವಿಗೆ ಪಾಪಾಸುಕಳ್ಳಿಯ ಬೇಲಿ ಇತ್ತು. ಬೇಸಿಗೆಯ ಹೊತ್ತಿಗೆ ಹಣ್ಣಾಗುತ್ತಿದ್ದವು. ಬೇವಿನ ತೊಪ್ಪಲಿನಿಂದ ಮಣ್ಣಿನಲ್ಲಿ ಉರುಳಿಸಿ ಮುಳ್ಳು ಕಳೆದು, ಒಡೆದರೆ ಒಳಗೆ ರಕ್ತಕ್ಕಿಂತ ಗಾಢವಾದ ಗುಲಾಬಿ. ನಾವು ತಿನ್ನುವುದಕ್ಕಿಂತ ಹೆಚ್ಚಾಗಿ ತುಟಿಗೆ ತಿಕ್ಕಿಕೊಳ್ಳುತ್ತಿದ್ದೆವು. "ಅಕ್ಕ, ಬಣ್ಣ ಹಚ್ಚಿದೋರಂಗ ಕಾಣ್ತೀನಾ?" ಎಂದು ತಂಗಿ ತುಟಿ ಮುಂದೆ ಮಾಡಿ ನಿಲ್ಲುತ್ತಿದ್ದಳು. ಒಂದು ದಿನ ಅವಳ ಕೆಳತುಟಿಗೆ ಕೂದಲಿಗಿಂತ ಸಣ್ಣ ಮುಳ್ಳು ಹೊಕ್ಕಿತು. ಬಿಸಿಲಿಗೆ ಅವಳ ಮುಖ ಎತ್ತಿ ಹಿಡಿದು ಉಗುರಿನಿಂದ ಅದನ್ನು ತೆಗೆದೆ. ನೋವಿಗೆ ನನ್ನ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಗುರುತಾಯಿತು. ಅವ್ವನಿಗಾಗಲಿ ಬೇರೆ ಯಾರಿಗಾಗಲಿ ಹೇಳಬಾರದೆಂದು ಆಣೆ ಹಾಕಿಕೊಂಡೆವು. ಸೀರೆ ಹೋದವು, ಬೀರು ಹೋಯಿತು, ಮಗಳೂ ಕೈತಪ್ಪುತ್ತಿದ್ದಾಳೆ, ಇದೊಂದು ಮಾತ್ರ ನನ್ನದು ಎಂದುಕೊಂಡಿದ್ದೆ.

ಆದೋನಿಯ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕವ್ವ-ಮಗಳು ಇಬ್ಬರೂ ನನಗಾಗಿ ಕಾಯುತ್ತಿದ್ದರು. ಹುಡುಗಿಯನ್ನು ಮಾತ್ರ ಕಳಿಸು ಎಂದು ನಾನು ಹೇಳಿರಲಿಲ್ಲ. ಹೇಳಲು ಹೇಗೆ ಬರುತ್ತದೆ? ಮೂವರೂ ಬಜಾರದ ಮ್ಯಾಚಿಂಗ್ ಸೆಂಟರಿಗೆ ಹೋದೆವು. ಸೀರೆಗೆ ತಕ್ಕ ರವಿಕೆಬಟ್ಟೆ, ಲಂಗದ ರೇಷ್ಮೆ, ದಾವಣಿ ಎಲ್ಲವೂ ಅಲ್ಲಿ ಸಿಗುತ್ತವೆ. ಅಂಗಡಿಯವನು ನಮ್ಮನ್ನು ಒಂದು ಸಲ ನೋಡಿ, ಸುತ್ತಿಟ್ಟ ಬಟ್ಟೆಯ ಥಾನುಗಳನ್ನು ಇಳಿಸುತ್ತ, ಎರಡನೆಯವಳಿಗೆ ಹೇಳಿದ: "ಬಣ್ಣದ ಚಿಂತಿ ಇಲ್ಲಮ್ಮ. ತಾಯಿ-ಮಗಳು ಇಬ್ರದೂ ಒಂದ ಕಲರ್. ನಿಮಗ ಒಪ್ಪಿದ್ದು ಪಾಪಗ ಒಪ್ಪತೈತಿ."

ಅವಳು ತಿದ್ದಲಿಲ್ಲ. ಹುಡುಗಿಯೂ ತಿದ್ದಲಿಲ್ಲ. ನಾನು ಚೀಲದಿಂದ ರವಿಕೆ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟೆ.

"ಇದರ ಬಣ್ಣದ್ದು ಕೊಡ್ರಿ. ಲಂಗ, ದಾವಣಿ, ರವಿಕಿ ಎಲ್ಲ ಇದ ಬಣ್ಣ."

"ಪಾಪನ ಮೈಮ್ಯಾಲ ಒಂದ್ಸಲ ಹಿಡಿದು ನೋಡ್ರಿ, ಅಮ್ಮ."

"ನೋಡೂದೇನೈತಿ? ಆಕಿ ಥೇಟ್ ಅವರವ್ವನಂಗ ಅದಾಳ."

ಥಾನು ಬಿಚ್ಚಿ ರವಿಕೆಯ ಪಕ್ಕದಲ್ಲಿಟ್ಟು ನೋಡಿದೆ. ಹುಡುಗಿಯ ಪಕ್ಕದಲ್ಲಿಡಲಿಲ್ಲ. ಎರಡನೆಯವಳು ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಮುಟ್ಟಿ, "ರೇಷ್ಮಿ ಛಲೋ ಐತ್ರಿ ಅಕ್ಕಾರ" ಎಂದಳು, ಅಷ್ಟೇ. ಅವಳ ಮುಖ ಸಣ್ಣಗಾಯಿತೆಂದು ನನಗೆ ಸಮಾಧಾನವಾಯಿತು. ಹೊಲಿಗೆಗೆ ಕೊಡುವ ಕೆಲಸ ಅವಳಿಗೆ ಬಿಟ್ಟು ಸಂಜೆಯ ಬಸ್ಸಿಗೆ ಹೊರಟೆ.

ಶಾಸ್ತ್ರದ ದಿನ ಬೆಳಗ್ಗೆ ಹೋದಾಗ ಒಳಕೋಣೆಯಲ್ಲಿ ಹುಡುಗಿಗೆ ಅಲಂಕಾರ ನಡೆದಿತ್ತು. ಬಾಗಿಲಲ್ಲೇ ನಿಂತೆ. ಲಂಗ ನಾನು ಕೊಡಿಸಿದ್ದೇ, ದಾವಣಿಯೂ ಅದೇ. ರವಿಕೆ ಮಾತ್ರ ಬೇರೆ. ಗಾಢ ಗುಲಾಬಿ, ಮೊಣಕೈವರೆಗೆ ತೋಳು. ದಾವಣಿಯ ಅಂಚಿಗೂ ಅದೇ ಬಟ್ಟೆಯ ಪಟ್ಟಿ ಕೂಡಿಸಿದ್ದರು.

"ನಾನು ಕೊಡಿಸಿದ ರವಿಕಿ ಎಲ್ಲೈತವ್ವ?"

ಎರಡನೆಯವಳ ಕೈಯಲ್ಲಿದ್ದ ಬಾಚಣಿಗೆ ನಿಂತಿತು. "ಐತ್ರಿ ಅಕ್ಕಾರ, ಎತ್ತಿಟ್ಟೀನಿ. ಕುತ್ತಿಗಿ ಹತ್ರ ಆ ಬಣ್ಣ ಬಂದ್ರ ಮಾರಿ ಸ್ವಲ್ಪ..."

"ಸ್ವಲ್ಪ ಏನು? ತವರಿನ ಬಟ್ಟಿ ಬದಲ್ಸಾಕ ನೀ ಯಾರು?"

ಪಡಸಾಲೆಯಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸರು ಕತ್ತು ಚಾಚಿ ಒಳಗೆ ನೋಡಿದರು. ಅವಳು ಕಪಾಟಿನಿಂದ ನನ್ನ ರವಿಕೆಬಟ್ಟೆಯನ್ನು ತಂದು ಕೊಟ್ಟಳು. ಅದಕ್ಕೆ ಕತ್ತರಿ ತಾಗಿಸಿರಲಿಲ್ಲ. ನಾನು ಅದನ್ನು ಹುಡುಗಿಯ ಗಲ್ಲದ ಕೆಳಗೆ ಹಿಡಿದೆ, ಎಲ್ಲರೂ ನೋಡಲಿ ಎಂದು. ನೋಡಿದವಳು ನಾನೇ. ಹುಡುಗಿಯ ಮುಖ ಬೂದಿ ಬಳಿದ ಹಾಗೆ ಮಂಕಾಯಿತು. ಬಟ್ಟೆ ಇಳಿಸಿದೆ, ಗುಲಾಬಿ ರವಿಕೆಯ ಮೇಲೆ ಅದೇ ಮುಖ ಎಣ್ಣೆ ಹಚ್ಚಿದ ಕರಿಕಲ್ಲಿನ ಹಾಗೆ ಹೊಳೆಯಿತು. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಮಗು. ಇವಳ ಬಣ್ಣ ನನ್ನ ತಂಗಿಯದಲ್ಲ, ಇವಳ ಅಪ್ಪನದು ಎಂದು ನಾನು ಅಂದೇ ನೋಡಿದ್ದು.

"ದೊಡ್ಡವ್ವ, ಸಿಟ್ಟಾಗಬ್ಯಾಡ" ಎಂದಳು ಹುಡುಗಿ. "ಇದೂ ಅವ್ವಂದ ಬಣ್ಣ. ಕಳ್ಳಿಹಣ್ಣಿಂದು. ನಾನ ಹೇಳಿದ್ದೆ ಚಿಕ್ಕವ್ವಗ."

ನಾನು ಕೈಯಲ್ಲಿದ್ದ ಬಟ್ಟೆಯನ್ನು ಮಡಚತೊಡಗಿದೆ.

"ಅವ್ವ ಹೇಳ್ತಿದ್ಲಲ್ಲ, ನೀವಿಬ್ರೂ ಬೇಲಿ ಹತ್ರ ತುಟಿಗಿ ತಿಕ್ಕೊಂತಿದ್ರಿ ಅಂತ. ಮುಳ್ಳು ಹೋಗಿತ್ತು, ನೀ ತಗದಿ ಅಂತ."

ಎರಡನೆಯವಳು ಮೆಲ್ಲಗೆ ಹೇಳಿದಳು: "ನಮ್ಮೂರ ಕಡೆನೂ ಆ ಹಣ್ಣು ಐತ್ರಿ ಅಕ್ಕಾರ. ಹಣ್ಣೊಂದು ತರಿಸಿ, ಒಡದು ಡಬ್ಬ್ಯಾಗ ಹಾಕ್ಕೊಂಡು ಅದ ಅಂಗಡಿಗೆ ಒಯ್ದಿದ್ದೆ. ಅದ ಬಣ್ಣ ಸಿಗೋತನ ಹುಡುಕಿದ್ವಿ. ಅಂಗಡಿಯವ ಬೈದ, ನನ್ನ ಬಟ್ಟಿ ಮ್ಯಾಲ ರಸ ಚೆಲ್ಲೀರಿ ಅಂತ."

ಹೊರಗೆ ಯಾರೋ ನಕ್ಕರು. ನಾನು ತಂಗಿಯ ರವಿಕೆ ಒಯ್ದ ಅಂಗಡಿಗೇ ಇವಳು ಹಣ್ಣು ಒಯ್ದಿದ್ದಳು. ನನಗೆ ಸಂತೋಷವಾಗಬೇಕಿತ್ತು. ಆದದ್ದು ಉರಿ. ಆಣೆ ಹಾಕಿಕೊಂಡದ್ದನ್ನು ತಂಗಿ ಮಗಳಿಗೆ ಹೇಳಿದ್ದಳು, ಮಗಳು ಇವಳಿಗೆ ಹೇಳಿದ್ದಳು, ಮತ್ತು ಇವಳು ಅದನ್ನು ಸರಿಯಾದ ಕಡೆ ಬಳಸಿದ್ದಳು. ನಾನು ಅದನ್ನು ಬಚ್ಚಿಟ್ಟುಕೊಂಡು ಕೂತಿದ್ದೆ.

ಹುಡುಗಿ ಕನ್ನಡಿಯ ಮುಂದಿನ ಲಿಪ್‌ಸ್ಟಿಕ್ಕಿಗೆ ಬೆರಳು ತಾಗಿಸಿ ನನ್ನ ಹತ್ತಿರ ಬಂದಳು. ಅದೂ ಅದೇ ಬಣ್ಣ, ಆಗಲೇ ಅವರಿಬ್ಬರ ತುಟಿಯ ಮೇಲೂ ಇತ್ತು.

"ಬ್ಯಾಡವ್ವ, ನನಗ ಒಪ್ಪೂದಿಲ್ಲ."

"ಮಾರಿ ಮ್ಯಾಲ ಮಾಡು" ಎಂದು ಗಲ್ಲ ಹಿಡಿದು ಎತ್ತಿದಳು. ನಾನು ಅವಳ ತಾಯಿಯ ಮುಖವನ್ನು ಬಿಸಿಲಿಗೆ ಹಿಡಿದಿದ್ದ ಹಾಗೆ. ಕೆಳತುಟಿಗೆ ಬೆರಳೊತ್ತಿ, ನನ್ನ ಕಣ್ಣು ತುಂಬಿದ್ದು ನೋಡಿ ಹೇಳಿದಳು: "ಇದರಾಗ ಮುಳ್ಳಿಲ್ಲ ದೊಡ್ಡವ್ವ, ಹೆದರಬ್ಯಾಡ."

ಆರತಿಯಾಯಿತು, ಅಕ್ಷತೆಯಾಯಿತು. ಫೋಟೊದವನು ಹುಡುಗಿಯನ್ನು ಕುರ್ಚಿಯ ಮೇಲೆ ಕೂಡಿಸಿ, "ಪಾಪನ ತಾಯಿ ಯಾರ್ರಿ? ಈ ಕಡಿ ಬರ್ರಿ" ಎಂದು ಕೂಗಿದ. ನನ್ನ ಕಾಲು ಮುಂದೆ ಹೋಯಿತು. ಅವಳದೂ ಹೋಯಿತು. ಇಬ್ಬರೂ ನಿಂತೆವು. ಜನ ನೋಡುತ್ತಿದ್ದರು. "ಇಬ್ರೂ ಬರ್ರಿ ಅಂದ್ರ, ಊಟಕ್ಕ ಹೊತ್ತಾತು" ಎಂದು ಹುಡುಗಿ ಕೂತಲ್ಲಿಂದಲೇ ಗದರಿದಳು. ಎಲ್ಲರೂ ನಕ್ಕರು. ಆಚೆ ಈಚೆ ನಿಂತೆವು.

ಆ ಫೋಟೊ ನನ್ನ ಫೋನಿನಲ್ಲಿದೆ. ಮೂವರ ತುಟಿಗೂ ಒಂದೇ ಬಣ್ಣ. ನನಗೆ ಅದು ಒಪ್ಪಿಲ್ಲ, ಹೇಳಿದ್ದೆನಲ್ಲ. ಹುಡುಗಿಗೆ ಒಪ್ಪಿದೆ. ಎಲ್ಲರಿಗಿಂತ ಚೆನ್ನಾಗಿ ಒಪ್ಪಿರುವುದು ಅವಳಿಗೆ, ಆ ಎಣ್ಣೆಗಪ್ಪು ಮುಖಕ್ಕೆ. ಇದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ.

ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅದನ್ನು ತೆರೆದು ನೋಡುತ್ತೇನೆ. ಒಮ್ಮೊಮ್ಮೆ ಹೆಬ್ಬೆರಳಿನಿಂದ ಅವಳ ಮುಖ ಮುಚ್ಚುತ್ತೇನೆ. ಆಗ ಹುಡುಗಿ ಮತ್ತು ನಾನು ಇಬ್ಬರೇ ಉಳಿಯಬೇಕು. ಆದರೆ ಫೋಟೊ ತೆಗೆಯುವ ಹೊತ್ತಿಗೆ ಹುಡುಗಿ ಅವಳ ಕಡೆ ವಾಲಿ ತಲೆ ಆನಿಸಿದ್ದಾಳೆ. ಅವಳ ಮುಖ ಮುಚ್ಚಿದರೆ ಹುಡುಗಿಯ ಅರ್ಧ ಮುಖವೂ ಬೆರಳ ಕೆಳಗೆ ಹೋಗುತ್ತದೆ. ಬೆರಳನ್ನು ಅತ್ತ ಇತ್ತ ಸರಿಸಿ ನೋಡುತ್ತೇನೆ, ಆಗುವುದಿಲ್ಲ. ಬೆರಳು ತೆಗೆದುಬಿಡುತ್ತೇನೆ.